ಬೀಗರಿಗೆ ಬೆನ್ನು ತೋರಿಸಬಾರದು

ಬಾಯಿ ಆಡಿದ ಮಾತಿಗೆ ತೊಡೆ ದಂಡ ತೆತ್ತ ಕಥೆ ಇದು. ತೊಡೆ ಗೋವಿಂದರಾಜನಗರದ ಕಿಟ್ಟಿಯದು. ಬಾಯಿಯೂ ಅವನದೇ.

ಕಿಟ್ಟಿಗೆ ಐವತ್ತೆರಡು ವರ್ಷ. ಮಾಗಡಿ ರಸ್ತೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ. ಸ್ಟೂಲಿನ ಮೇಲೆ ಕೂತು ಕೂತು ಶರೀರವೂ ಸ್ಟೂಲಿನ ಆಕಾರಕ್ಕೇ ಬಂದಿತ್ತು: ಕಾಲು ಸಣ್ಣ, ಮೇಲೆ ದುಂಡಗೆ. ಮದುವೆಯಾಗುವುದನ್ನು ಅವನು ಮರೆತೇಬಿಟ್ಟ ಎಂದು ನೆಂಟರು ಆಡಿಕೊಳ್ಳುತ್ತಾರೆ. ನಡೆದದ್ದು ಇಷ್ಟು. ಭಾವ ತೀರಿಕೊಂಡ ವರ್ಷ 'ನಾಲ್ಕು ದಿನ ಇದ್ದು ಹೋಗ್ತೀನಿ' ಎಂದು ಅಕ್ಕ ಕಲಾಳ ಮನೆಗೆ ಒಂದು ಬ್ಯಾಗು ಹಿಡಿದು ಬಂದವನು, ಆ ಬ್ಯಾಗನ್ನು ಇವತ್ತಿನವರೆಗೂ ವಾಪಸ್ ಒಯ್ದಿಲ್ಲ. ಆಗ ಅಕ್ಕನ ಮಗಳು ಧನ್ಯಶ್ರೀ ಸೊಂಟದ ಮೇಲೆ ಕೂರುವ ಕೂಸು. ಈಗ ಉಲ್ಲಾಳದ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಇಲಿಗಳನ್ನು ಚಕ್ರದಲ್ಲಿ ಓಡಿಸಿ, ಆಮೇಲೆ ಅವುಗಳ ಕಾಲಿನ ಸ್ನಾಯುವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. "ಅಷ್ಟು ಓದಿ ಕೊನೆಗೆ ಇಲಿ ಹಿಂದೆ ಬಿದ್ಲಲ್ಲ" ಎಂದು ಕೆಳಗಿನ ಮನೆಯ ಗಂಗಲಕ್ಷ್ಮಮ್ಮ ಬೀದಿಗೆಲ್ಲ ಹೇಳಿ ಮರುಗುತ್ತಿದ್ದರು.

ಧನ್ಯಶ್ರೀಗೆ ಗಂಡು ಗೊತ್ತಾದದ್ದೂ ಉಲ್ಲಾಳದಲ್ಲೇ. ಹುಡುಗ ಗೌತಮ್ ಒಳ್ಳೆಯವನು, ಮಾತು ಕಡಿಮೆ. ಮಾತೆಲ್ಲ ಅವನ ಅಜ್ಜಿ ಅಕ್ಕಯ್ಯಮ್ಮನವರದು. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಗಳಾಗಿ ಹೋದ ಮೇಲೆ ಆ ಮನೆಯಲ್ಲಿ ಹಳೆಯದು ಅಂತ ಉಳಿದದ್ದು ಶಾಸ್ತ್ರ ಸಂಪ್ರದಾಯ ಮಾತ್ರ. ಅಜ್ಜಿ ಅದನ್ನು ಪಹಣಿ ಪತ್ರದಷ್ಟೇ ಜೋಪಾನ ಮಾಡಿಕೊಂಡಿದ್ದರು. ಮಾತುಕತೆಯ ದಿನ ಅಜ್ಜಿ ಕಾಲು ನೀವಿಕೊಳ್ಳುತ್ತಾ ಹೇಳಿದರು:

"ನಮ್ ಕಡೆ ಹೆಣ್ಣನ್ನ ಸೋದರಮಾವ ಎತ್ಕೊಂಡು ಮಂಟಪಕ್ಕೆ ತರ್ಬೇಕು ಕಣಪ್ಪ. ಈಗಿನೋರು ಕೈ ಹಿಡ್ಕೊಂಡು ಸಿಗ್ನಲ್ ದಾಟಿಸ್ದಂಗೆ ಕರ್ಕೊಂಡ್ ಬರ್ತಾರೆ. ಅದೂ ಒಂದು ಮದ್ವೆನಾ?"

ಹುಡುಗನ ತಂದೆ ಚನ್ನಕೇಶವ ಸಂಭಾವಿತರು. ಕಿಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಅವ್ರಿಗೆ ಆಗ್ದಿದ್ರೆ ಬಿಡಮ್ಮ. ನಮ್ ಕಡೆ ಒಬ್ಬ ಜಿಮ್ ಹುಡುಗ ಇದಾನೆ, ಮಾವನ ವರಸೆನೇ ಆಗ್ಬೇಕು. ಅವನು ಎತ್ತುತ್ತಾನೆ" ಎಂದರು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವುದಕ್ಕೆ ಬೇಕಾದ ಸ್ನಾಯು ಕಿಟ್ಟಿಯ ಬಾಯಲ್ಲಿ ಮೊದಲಿನಿಂದಲೂ ಇರಲಿಲ್ಲ.

"ಜಿಮ್ ಹುಡುಗ ಯಾಕೆ ಸಾರ್? ನಾನೇ ಎತ್ಕೊಂಡ್ ಬರ್ತೀನಿ. ಹೂವಿನ ಬುಟ್ಟಿ ತಂದಂಗೆ ತರ್ತೀನಿ, ನೋಡ್ತಿರಿ!"

ಅಷ್ಟರಲ್ಲಿ ಹೂವಿನ ಬುಟ್ಟಿ ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂತು. ಕಾಲೇಜಿನ ಥ್ರೋಬಾಲ್ ತಂಡದಲ್ಲಿ ಆಡಿ ಬೆಳೆದ, ಮಾವನಿಗಿಂತ ಒಂದು ಗೇಣು ಎತ್ತರದ ಹೂವಿನ ಬುಟ್ಟಿ. ಬೀಗರು ಬುಟ್ಟಿಯನ್ನೂ ಕಿಟ್ಟಿಯನ್ನೂ ನೋಡಿ ಕಾಫಿಗೆ ಕೈಹಾಕಿದರು.

ಅವರು ಹೋದ ಮೇಲೆ ಕಲಾ ಹಣೆ ಚಚ್ಚಿಕೊಂಡಳು. "ಮೊನ್ನೆ ಗ್ಯಾಸ್ ಸಿಲಿಂಡರ್ ಉರುಳ್ಸಕ್ಕೇ ಪಕ್ಕದ್ಮನೆಯವ್ರನ್ನ ಕರೆದೋನು ನೀನು!"

"ನಾನು ಎತ್ತಿ ಆಡಿಸಿದ ಮಗು ಅಕ್ಕ ಅದು. ಮದ್ವೆ ದಿನ ಯಾವನೋ ಎತ್ಕೊಂಡು ಹೋಗೋದನ್ನ ನಾನು ಪಕ್ಕದಲ್ಲಿ ನಿಂತು ನೋಡ್ಲಾ?"

ಕಲಾ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕಿಟ್ಟಿ ಜೀವಮಾನದಲ್ಲಿ ತನಗೆ ಅಂತ ಕೇಳಿದ್ದು ಇದೊಂದೇ.

ಮಾರನೆಯ ಸಂಜೆಯೇ ಅವನು ವಿಜಯನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲಿದ್ದ ಜಿಮ್ಮಿಗೆ ಸೇರಿದ. ಕೆಳಗಿನಿಂದ ಬಿಸಿ ದಿಲ್‌ಪಸಂದ್ ವಾಸನೆ, ಮೇಲೆ ಬೆವರಿನ ವಾಸನೆ; ಮನುಷ್ಯನ ಸಂಕಲ್ಪ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಲಿಸುವವನು ಸಮರ್ಥ ಎಂಬ ಹುಡುಗ. ಬಸ್ಕಿ ಹೊಡೆಸಿದ. ಸ್ವಲ್ಪ ಹೊತ್ತಿಗೆ, "ಸಾಕು ಅಂಕಲ್, ಮೊದಲ್ನೇ ದಿನ" ಎಂದ.

"ಇಷ್ಟಕ್ಕೇನಾ? ನೀನು ಆ ಕಡೆ ನೋಡ್ಕೋ ಗುರು" ಎಂದು ಕಿಟ್ಟಿ ಕನ್ನಡಿಯ ಮುಂದೆ ಕುಂತ, ಎದ್ದ, ಕುಂತ, ಎದ್ದ. ಕನ್ನಡಿಯೊಳಗಿನವನು ನಿಲ್ಲಿಸುವ ತನಕ ತಾನೂ ನಿಲ್ಲಿಸುವುದಿಲ್ಲ ಎಂಬಂತಿತ್ತು ಅವನ ಹಟ.

ಮರುದಿನ ಏನೂ ಆಗಲಿಲ್ಲ. "ನೋಡಿದ್ಯಾ ಅಕ್ಕ, ನನ್ ಬಾಡಿನೇ ಹಂಗೆ" ಎಂದ. ಬಾಡಿ ಅದನ್ನು ಕೇಳಿಸಿಕೊಂಡಿತು ಎಂದು ಕಾಣುತ್ತದೆ. ಅದರ ಮರುದಿನ ಭಾನುವಾರ. ಕಿಟ್ಟಿ ಹಾಸಿಗೆಯಿಂದ ಏಳಲು ಹೋದ, ಕಾಲು ಬರಲಿಲ್ಲ. ಗೋಡೆ ಹಿಡಿದು ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಮೆಟ್ಟಿಲು ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವುದು ಮಾತ್ರ ಆಗದು. ಕಾಲು ಮುಂದಿಟ್ಟು ಕೆಳಗೆ ಬಿಟ್ಟರೆ ತೊಡೆಯೊಳಗೆ ಯಾರೋ ಹಳೇ ಪಂಚೆ ಹರಿದಂತಾಗುತ್ತಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಹಿಂದುಮುಂದಾಗಿ ನಿಂತು, ಕಂಬಿ ಹಿಡಿದು, ಬೆನ್ನ ಕಡೆಯಿಂದ ಒಂದೊಂದೇ ಮೆಟ್ಟಿಲು ಇಳಿದರೆ ನೋವು ಅರ್ಧಕ್ಕರ್ಧ ಕಡಿಮೆ.

ಆ ಹೊತ್ತಿಗೇ ಬೀಗರು ಬಂದರು. ಲಗ್ನಪತ್ರಿಕೆಯ ಮಾದರಿ ತೋರಿಸಲು ಹೇಳದೆ ಕೇಳದೆ ಒಂದು ಗಾಡಿ ತುಂಬ ಬಂದು ಮಹಡಿಯ ಹಜಾರದಲ್ಲಿ ಸಾಲಾಗಿ ಕೂತರು. ಕಲಾ ಗಾಬರಿಯಲ್ಲಿ ಎಲ್ಲ ಮರೆತು, "ಕಿಟ್ಟಿ, ಓಡಿ ಹೋಗಿ ಎರಡು ಪ್ಯಾಕೆಟ್ ಹಾಲು ತಾರೋ" ಎಂದುಬಿಟ್ಟಳು.

ಕಿಟ್ಟಿ ಓಡಲಿಲ್ಲ. ಬಾಗಿಲಾಚೆಯ ಮೆಟ್ಟಿಲ ತುದಿಗೆ ಹೋಗಿ, ಬೀಗರ ಕಡೆಗೆ ತಿರುಗಿ ನಿಂತು, ಹಲ್ಲು ಕಚ್ಚಿದ. ಅದು ದೂರಕ್ಕೆ ನಗೆಯಂತೆ ಕಂಡಿತು. ಆಮೇಲೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯತೊಡಗಿದ. ಬೀಗರ ಕಣ್ಣೆದುರಿಗೆ ಮೊದಲು ಅವನ ಕಾಲು ಮರೆಯಾಯಿತು, ಆಮೇಲೆ ಹೊಟ್ಟೆ, ಕಟ್ಟಕಡೆಗೆ ಆ ನಗೆ.

ಕೆಳಗಿನಿಂದ ಗಂಗಲಕ್ಷ್ಮಮ್ಮನ ಕೂಗು ಬಂತು: "ಅಯ್ಯೋ ಕಲಾ! ನಿನ್ ತಮ್ಮಂಗೆ ಲಕ್ವ ಹೊಡೆದದೆ ಕಣೇ!"

ಚನ್ನಕೇಶವರ ಕೈ ಮೊಬೈಲಿನತ್ತ ಹೋಯಿತು. ಜಿಮ್ ಹುಡುಗನಿಗೇ ಫೋನು ಎಂದು ಕಲಾಳಿಗೆ ಖಾತ್ರಿಯಾಯಿತು. ಹುಟ್ಟಿದಂದಿನಿಂದ ಸುಳ್ಳು ಹೇಳದ ಹೆಂಗಸು. ಅಭ್ಯಾಸವಿಲ್ಲದ್ದರಿಂದ ಅಳತೆ ತಪ್ಪಿ ದೊಡ್ಡದೇ ಬಂತು.

"ಲಕ್ವ ಅಲ್ಲಮ್ಮ! ಅದು ನಮ್ಮನೆ ಸಂಪ್ರದಾಯ. ಬೀಗರು ಕೂತಿರುವಾಗ ಅವ್ರಿಗೆ ಬೆನ್ನು ತೋರಿಸ್ಬಾರ್ದು ಅಂತ, ನಮ್ ತಾತನ ಕಾಲದಿಂದ ನಡ್ಕೊಂಡ್ ಬಂದಿದೆ."

ಅಕ್ಕಯ್ಯಮ್ಮನ ಕಣ್ಣಲ್ಲಿ ನೀರು ಬಂತು. "ನೋಡ್ದೇನೋ ಚನ್ನಕೇಶವ? ಪೇಟೆಲಿದ್ರೂ ಎಂಥಾ ಮನೆತನ! ನಾವು ಇಷ್ಟು ದಿನ ಬೀಗರ ಮನೆಯಿಂದ ದನ ಎದ್ದು ಹೋದಂಗೆ ಹೋಗ್ತಿದ್ವಲ್ಲೋ!"

ಹಾಲಿಗೂ ಕಾಯದೆ ಅಜ್ಜಿ ಎದ್ದರು. ಕಂಬಿ ಹಿಡಿದರು. ಅವರ ಹಿಂದೆ ಮಗ, ಸೊಸೆ, ಮೊಮ್ಮಗ, ಇಬ್ಬರು ಚಿಕ್ಕಮ್ಮಂದಿರು, ಎಲ್ಲರೂ ಕಲಾಳಿಗೆ ಮುಖಕೊಟ್ಟು ಹಿಂದೆ ಹಿಂದೆ ಇಳಿದರು. ಹಾಲು ಹಿಡಿದು ಬಂದ ಕಿಟ್ಟಿಗೆ ಎದುರಾದದ್ದು ಮೆಟ್ಟಿಲು ತುಂಬ ಬೆನ್ನುಗಳು. ತನಗೆ ಬಂದಿರುವುದು ಅಂಟುರೋಗ ಎಂದು ಅವನಿಗೆ ಆಗಲೇ ಹೊಳೆದದ್ದು.

ಸಂಜೆ ಧನ್ಯಶ್ರೀ ಬರುವ ಹೊತ್ತಿಗೆ ಕಿಟ್ಟಿ ತನ್ನ ಅಂತಿಮ ಇಚ್ಛೆಗಳನ್ನು ಅಕ್ಕನಿಗೆ ಹೇಳಿ ಮುಗಿಸಿದ್ದ. ಅವಳು ನಕ್ಕೂ ನಕ್ಕೂ ಸುಸ್ತಾಗಿ ಅವನ ಪಕ್ಕ ಕೂತಳು.

"ರೋಗ ಅಲ್ಲ ಮಾವ. ನನ್ ಇಲಿಗಳಿಗೆ ಆಗೋದೇ ನಿನಗೂ ಆಗಿದೆ. ನಿನ್ ತೊಡೆಯೊಳಗೆ ಕೂದಲಿಗಿಂತ ಸಣ್ಣ ಎಳೆಗಳು ಸಾವಿರಗಟ್ಟಲೆ ಇದಾವೆ. ಒಂದೊಂದು ಎಳೆನೂ ಒಂದೊಂದು ಜೀವಕೋಶ. ಬಸ್ಕಿಲಿ ಕೆಳಗೆ ಕೂರುವಾಗ, ಮೆಟ್ಟಿಲಿಳಿಯುವಾಗ, ಆ ಎಳೆ ಉದ್ದ ಆಗ್ತಾನೇ ಭಾರ ಹಿಡ್ಕೋಬೇಕು. ಹಗ್ಗಜಗ್ಗಾಟದಲ್ಲಿ ಸೋಲ್ತಾ ಇದ್ರೂ ಹಗ್ಗ ಬಿಡಲ್ವಲ್ಲ, ಹಂಗೆ. ಅಭ್ಯಾಸ ಇಲ್ದಿದ್ರೆ ಅಲ್ಲಲ್ಲಿ ಪರ್ ಪರ್ ಅಂತ ಬಿಡುತ್ತೆ."

"ಹರಿದುಹೋಯ್ತಾ!" ಕಿಟ್ಟಿ ತೊಡೆ ಹಿಡಿದುಕೊಂಡ.

"ಕಣ್ಣಿಗೆ ಕಾಣದಷ್ಟು. ಆಮೇಲೆ ಕೇಳು. ಮೊದಲು ರಕ್ತದಿಂದ ಗುಡಿಸಿ ಬಳಿಯೋ ಜೀವಕೋಶಗಳು ಬರ್ತವೆ, ಮುರಿದಿದ್ದನ್ನೆಲ್ಲ ತೆಗೆದುಹಾಕ್ತವೆ. ಅವುಗಳ ಗಲಾಟೆನೇ ನಿನ್ ನೋವು. ಅದು ಏಳೋಕೆ ಒಂದೆರಡು ದಿನ ಬೇಕು, ಅದಕ್ಕೇ ನಿನ್ನೆ ಸುಮ್ನಿತ್ತು. ಇನ್ನು ಪ್ರತಿ ಎಳೆಯ ಗೋಡೆಗೂ ಅಂಟ್ಕೊಂಡು ಒಂದಿಷ್ಟು ಜೀವಕೋಶ ವರ್ಷಗಟ್ಟಲೆ ನಿದ್ದೆ ಮಾಡ್ತಿರ್ತವೆ. ಸ್ಯಾಟಲೈಟ್ ಸೆಲ್ ಅಂತಾರೆ. ಸುಮ್ನೆ ಮೂಲೆಲಿ ಬಿದ್ದಿರ್ತವೆ, ಯಾರೂ ಲೆಕ್ಕಕ್ಕೇ ತಗೊಳಲ್ಲ. ಎಳೆಗೆ ಪೆಟ್ಟಾಯ್ತು ಅಂದ್ರೆ ಮಾತ್ರ ಏಳ್ತವೆ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಓಡಿ ಬಂದು ಆ ಎಳೆಯೊಳಗೇ ಸೇರ್ಕೊಂಡು ತಮ್ಮ ನ್ಯೂಕ್ಲಿಯಸ್ಸನ್ನೇ ಕೊಟ್ಟುಬಿಡ್ತವೆ. ಎಳೆ ಮೊದಲಿಗಿಂತ ಗಟ್ಟಿ ಆಗುತ್ತೆ."

"ಆಮೇಲೆ ಅವು?"

"ಅವು ಅಂತ ಬೇರೆ ಏನೂ ಉಳಿಯಲ್ಲ ಮಾವ. ಎಳೆನೇ ಆಗ್ಬಿಡ್ತವೆ. ಕೆಲವು ಮಾತ್ರ ವಾಪಸ್ ಹೋಗಿ ಮಲಗ್ತವೆ, ಮುಂದಿನ ಸಲಕ್ಕೆ."

ಕಿಟ್ಟಿ ತುಂಬ ಹೊತ್ತು ತನ್ನ ತೊಡೆಯನ್ನೇ ನೋಡಿದ. ಐವತ್ತೆರಡು ವರ್ಷ ಇಂಥ ಮಹಾತ್ಮರ ಮೇಲೆ ತಾನು ಪಲ್ಯದ ತಟ್ಟೆ ಇಟ್ಟುಕೊಂಡು ಟಿ.ವಿ. ನೋಡಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅಂಗಡಿಯಲ್ಲಿ ಅವನ ಮಾತೇ ಬದಲಾಯಿತು. ಮುಕ್ಕಾಲಿಂಚಿನ ಬೆಂಡು ಕೇಳಿಕೊಂಡು ಬಂದ ಪ್ಲಂಬರುಗಳಿಗೆ, "ನಿಮ್ ಪೈಪು ಒಡೆದ್ರೆ ನೀವು ಹೋಗ್ಬೇಕು. ನಮ್ಮೊಳಗಿನ ಪ್ಲಂಬರು ಪೈಪಿನ ಪಕ್ಕದಲ್ಲೇ ಮಲಗಿರ್ತಾನೆ ಕಣ್ರೀ, ಫೋನೂ ಬೇಡ, ವಿಸಿಟಿಂಗ್ ಚಾರ್ಜೂ ಇಲ್ಲ!" ಎಂದು ಬಿಲ್ಲಿನ ಜೊತೆ ಉಪನ್ಯಾಸ ಕೊಡುತ್ತಿದ್ದ.

ಧನ್ಯಶ್ರೀಯ ಲೆಕ್ಕದಂತೆ ಅವನು ನಿಧಾನಕ್ಕೆ ಭಾರ ಏರಿಸುತ್ತಾ ಹೋದ. ನೋವೂ ಕಡಿಮೆಯಾಯಿತು. ಅದು ಕಡಿಮೆಯಾದ ದಿನ ಕಿಟ್ಟಿ ಜಿಮ್ಮಿಗೆ ಸಾವಿನ ಮನೆಗೆ ಹೋಗುವ ಮುಖದಲ್ಲಿ ಹೋಗಿ, "ಸಮರ್ಥ, ನೋವೇ ಬರ್ತಿಲ್ಲ ಕಣೋ. ನನ್ನವು ಎಲ್ಲ ಸತ್ತುಹೋದ್ವು ಅನ್ಸುತ್ತೆ" ಎಂದ. ಒಮ್ಮೆ ಪೆಟ್ಟು ತಿಂದ ಎಳೆ ಮುಂದಿನ ಸಲ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ, ಅದು ಪಾಠ ಕಲಿತಿರುತ್ತದೆ ಎಂದು ಸಮರ್ಥ ಬಿಡಿಸಿ ಹೇಳಬೇಕಾಯಿತು. ಎಳೆ ಕಲಿತ ಪಾಠವನ್ನು ಕಿಟ್ಟಿಯ ಬಾಯಿ ಇನ್ನೂ ಕಲಿತಿಲ್ಲವಲ್ಲ ಎಂದು ಕಲಾ ಅಂದಳು.

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಆದರೆ ಚನ್ನಕೇಶವರಿಂದ ಫೋನು ಬಂತು.

"ಛತ್ರ ಬುಕ್ ಆಯ್ತಮ್ಮ. ಹೆಣ್ಣಿನ ಕೋಣೆ ಮಹಡಿ ಮೇಲೆ, ಮಂಟಪ ಕೆಳಗೆ. ನಮ್ಮಮ್ಮ ಪುರೋಹಿತ್ರಿಗೂ ವಿಡಿಯೋದವ್ರಿಗೂ ಹೇಳ್ಬಿಟ್ಟಿದಾರೆ. ಮೇಲ್ಗಡೆ ನಮ್ ಹೆಂಗಸರು ಆರತಿ ಹಿಡ್ಕೊಂಡು ನಿಂತಿರ್ತಾರೆ. ನಿಮ್ ಸಂಪ್ರದಾಯದಂಗೆ ಕಿಟ್ಟಿಯವ್ರು ಹೆಣ್ಣನ್ನ ಎತ್ಕೊಂಡು ಹಿಂದೆ ಹಿಂದೆನೇ ಇಳೀಬೇಕಲ್ಲ?"

ಕಲಾ ಗೋಡೆಗೊರಗಿದಳು. ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಮಗಳು ಆ ಮನೆಯಲ್ಲಿ ಜನ್ಮಪೂರ್ತಿ ಸುಳ್ಳುಗಾರ್ತಿಯ ಮಗಳು. ಒಪ್ಪಿಕೊಳ್ಳದಿದ್ದರೆ ತಮ್ಮನೂ ಮಗಳೂ ಒಟ್ಟಿಗೆ ಆಸ್ಪತ್ರೆ.

"ಇಳೀತೀನಿ ಬಿಡಕ್ಕ" ಎಂದು ಕಿಟ್ಟಿ ತೊಡೆ ತಟ್ಟಿಕೊಂಡ. "ಒಳಗೆ ನಮ್ಮೋರು ಇದಾರೆ."

ಅಂದಿನಿಂದ ಬೆಳಕು ಹರಿಯುವ ಮೊದಲೇ ಅಕ್ಕಿ ಮೂಟೆಯೊಂದನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಅಭ್ಯಾಸ. ಹಾಲಿನವನು ಹಾದಿ ಬದಲಿಸಿದ. ಕಿಟ್ಟಿಗೆ ಹರಕೆ ಇದೆ ಎಂದು ಗಂಗಲಕ್ಷ್ಮಮ್ಮ ಬೀದಿಗೆಲ್ಲ ಸಾರಿ, ಮೆಟ್ಟಿಲ ಕೆಳಗೆ ನಿಂಬೆಹಣ್ಣೂ ಇಟ್ಟರು. ಒಂದು ಮುಂಜಾನೆ ಬೀಟಿಗೆ ಬಂದ ಪೊಲೀಸ್ ಪೇದೆ ಜಂಬಣ್ಣ ನೋಡುತ್ತಾನೆ: ನಡುವಯಸ್ಸಿನ ಗಂಡಸೊಬ್ಬ ಮನೆಯೊಂದರ ಮಹಡಿಯಿಂದ ದೊಡ್ಡ ಮೂಟೆಯನ್ನು ತಬ್ಬಿಕೊಂಡು ಸದ್ದಾಗದಂತೆ ಹಿಂದೆ ಹಿಂದೆ ಇಳಿಯುತ್ತಿದ್ದಾನೆ. ಜಂಬಣ್ಣ ಕೊಪ್ಪಳದ ಕಡೆಯವನು. ಕಳ್ಳರನ್ನು ನೋಡಿದ್ದ, ಇಷ್ಟು ಭಕ್ತಿಯಿಂದ ಕದಿಯುವವನನ್ನು ನೋಡಿರಲಿಲ್ಲ.

"ಏ, ನಿಂದ್ರಲೇ! ಚೀಲದಾಗ ಏನೈತಿ?"

ಕಿಟ್ಟಿಯ ಮನಸ್ಸೆಲ್ಲ ಛತ್ರದ ಮೆಟ್ಟಿಲ ಮೇಲಿತ್ತು. "ನಮ್ಮಕ್ಕನ ಮಗಳು ಸಾರ್" ಎಂದ. "ಇನ್ನೊಂದ್ ತಿಂಗಳಲ್ಲಿ ಮದ್ವೆ. ಮೆಲ್ಲಗೆ ಮಾತಾಡಿ."

ಜಂಬಣ್ಣ ಎರಡು ಹೆಜ್ಜೆ ಹಿಂದೆ ಸರಿದು ಶಿಳ್ಳೆ ಊದಿದ. ಬೀದಿಯ ಮನೆಗಳ ದೀಪಗಳೆಲ್ಲ ಹತ್ತಿದವು. ಧನ್ಯಶ್ರೀ ಜೀವಂತವಾಗಿ, ಆಕಳಿಸುತ್ತಾ ಕೆಳಗೆ ಬಂದು, ಮೂಟೆ ಬಿಚ್ಚಿ ಸೋನಾಮಸೂರಿ ತೋರಿಸಿದ ಮೇಲೆಯೇ ಪೇದೆಯ ಮುಖಕ್ಕೆ ಬಣ್ಣ ಮರಳಿದ್ದು. ವಿಷಯವೆಲ್ಲ ಕೇಳಿ ಅವನು ಟೊಪ್ಪಿಗೆ ತೆಗೆದ. "ನಮ್ಮ ಸ್ವಾದರಮಾವ ಮದಿವಿಗೇ ಬರ್ಲಿಲ್ಲ ನೋಡ್ರೀ" ಎಂದು, ಕಿಟ್ಟಿ ಇನ್ನೊಂದು ಸುತ್ತು ಇಳಿಯುವವರೆಗೂ ಟಾರ್ಚ್ ಹಿಡಿದು ನಿಂತ.

ಮದುವೆಯ ದಿನ ಬಂತು. ಛತ್ರದ ಮಹಡಿಯಲ್ಲಿ ಗಂಡಿನ ಕಡೆಯ ಹೆಂಗಸರು ಆರತಿ ಹಿಡಿದು ಸಾಲಾಗಿ ನಿಂತಿದ್ದರು. ಕೆಳಗೆ ಮೆಟ್ಟಿಲ ಬುಡದಲ್ಲಿ, ತಮಗೆ ಬೆನ್ನು ಬೀಳದ ಹಾಗೆ ಒಂದು ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಅಕ್ಕಯ್ಯಮ್ಮ. ಅವರ ಪಕ್ಕದಲ್ಲಿ ತೋಳು ಮಡಿಸಿ, ಬೇಕಾದರೆ ಇರಲಿ ಎಂದು, ಆ ಜಿಮ್ ಹುಡುಗ.

ಧಾರೆ ಸೀರೆ, ಒಡವೆ, ಮೊಳಗಟ್ಟಲೆ ಹೂವು, ಥ್ರೋಬಾಲ್, ಎಲ್ಲ ಸೇರಿಸಿ ಕಿಟ್ಟಿ ಧನ್ಯಶ್ರೀಯನ್ನು ಎತ್ತಿದ. ಎದ್ದಳು! ತೊಡೆ ದೂರಲಿಲ್ಲ. ಆರತಿಯ ಹೆಂಗಸರ ಕಡೆ ಮುಖ ಮಾಡಿ, ಹಿಂದಕ್ಕೆ ಕಾಲು ಹಾಕಲು ಅವನು ಹಿಮ್ಮಡಿಯಿಂದ ಮೊದಲ ಮೆಟ್ಟಿಲು ತಡಕುತ್ತಿದ್ದ. ಆಗ ಅವಳು ಕಿವಿಯ ಹತ್ತಿರ ಹೇಳಿದಳು:

"ಮಾವ, ಆವತ್ತು ಹೇಳ್ಲಿಲ್ಲ ನಿಂಗೆ. ಆ ಮೂಲೆಲಿ ಮಲಗಿರೋ ಸೆಲ್‌ಗಳನ್ನ ಲ್ಯಾಬಲ್ಲಿ ನೋಡಿದಾಗೆಲ್ಲ ನಂಗೆ ನಿನ್ ಬ್ಯಾಗು ನೆನಪಾಗುತ್ತೆ. ಅಪ್ಪ ಹೋದಾಗ ಬಂದು ನಮ್ಮನೆಯೊಳಗೆ ಸೇರ್ಕೊಂಡೋನು, ನೀನು ಅಂತ ಬೇರೆ ಏನೂ ಉಳಿಸ್ಕೊಳ್ಳಲೇ ಇಲ್ಲ."

ಕಿಟ್ಟಿಗೆ ಕಣ್ಣು ಮಂಜಾಯಿತು. ಆರತಿ ಮರೆತುಹೋಯಿತು, ಬೀಗರು ಮರೆತುಹೋದರು, ಸಂಪ್ರದಾಯವೂ ಮರೆತುಹೋಯಿತು. ಸೊಂಟದ ಮೇಲಿನ ಕೂಸನ್ನು ಎತ್ತಿಕೊಂಡು ಶಾಲೆಗೆ ಹೊರಟವನ ಹಾಗೆ ಅವನು ತಿರುಗಿ, ಆರತಿ ಹಿಡಿದವರಿಗೆಲ್ಲ ಬೆನ್ನು ತೋರಿಸಿ, ದಡ ದಡ ದಡ ಎಂದು ನೇರ ಮುಂದಕ್ಕೆ ಇಳಿದುಬಿಟ್ಟ.

ವಾಲಗ ನಿಂತಿತು. ಅಕ್ಕಯ್ಯಮ್ಮ ಕುರ್ಚಿಯಿಂದ ಎದ್ದರು.

"ನಿಮ್ ಸಂಪ್ರದಾಯ?"

ಹೆಣ್ಣು ತೋಳಿನಲ್ಲೇ ಇತ್ತು. ಕಲಾ ಕಂಬದ ಮರೆಗೆ ಸರಿದಳು. ಕಿಟ್ಟಿಗೆ ಒಂದು ಸುಳ್ಳೂ ಹೊಳೆಯಲಿಲ್ಲ.

"ಸಂಪ್ರದಾಯ ಅಲ್ಲಮ್ಮ. ಆವತ್ತು ಬಸ್ಕಿ ಹೊಡೆದು ತೊಡೆ ಹಿಡ್ಕೊಂಡಿತ್ತು. ನನ್ ಕೈಲಿ ಎತ್ತಕ್ಕಾಗಲ್ಲ ಅಂತ ನೀವು ಅಂದ್ಕೊಂಡು ಬಿಡ್ತೀರ ಅಂತ ನಮ್ಮಕ್ಕ ಹಂಗಂದ್ಲು. ತಪ್ಪು ನಂದು. ಅವಳನ್ನ ಏನೂ ಅನ್ಬೇಡಿ."

"ಹೌದಾ?" ಅಜ್ಜಿ ಸಾವಕಾಶವಾಗಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಯಾವ ತಾತ ಅಂದಿದ್ಲು?"

"ತಾತನೂ ಇಲ್ಲಮ್ಮ. ಅಂದ್ರೆ ಇದ್ರು. ಅವ್ರು ಮುಂದಕ್ಕೇ ಇಳೀತಿದ್ರು."

ಮಂಟಪದಿಂದ ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಕೂಗಿದರು. ಅಜ್ಜಿ ಕನ್ನಡಕದ ಇನ್ನೊಂದು ಗಾಜು ಒರೆಸಿದರು. ಕಿಟ್ಟಿಯ ಕುತ್ತಿಗೆಯ ನರ ಉಬ್ಬಿತು, ಹಣೆಯ ಬೆವರು ಮೂಗಿನ ತುದಿಗೆ ಬಂತು. ಜಿಮ್ ಹುಡುಗ ತೋಳು ಚಾಚಿ, "ಕೊಡಿ ಅಂಕಲ್" ಎಂದ. ಕಿಟ್ಟಿ ಮಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ತಲೆ ಅಲ್ಲಾಡಿಸಿದ. ಆ ತೊಡೆಯೊಳಗೆ, ಆ ತೋಳಿನೊಳಗೆ, ಹೆಸರಿಲ್ಲದ ಸಾವಿರ ಜೀವಗಳು ಹಗ್ಗ ಹಿಡಿದು ನಿಂತಿದ್ದವು. ಒಂದೂ ಬಿಡಲಿಲ್ಲ. ಅವಕ್ಕೆ ಒಂದು ನಮಸ್ಕಾರ ಹಾಕದೆ ಈ ಕಥೆ ಮುಂದೆ ಹೋಗಬಾರದು.

ಕಡೆಗೆ ಅಕ್ಕಯ್ಯಮ್ಮ ಕನ್ನಡಕ ಹಾಕಿಕೊಂಡರು. "ಇಷ್ಟೊತ್ತು ಕೆಳಗಿಳಿಸದೆ ನಿಂತಿದ್ದಾನಲ್ಲೋ! ಮಗಳನ್ನ ಇಂಥೋನ ಕೈಯಿಂದ ಇಸ್ಕೊಂಡ್ರೆ ಸಾಕು, ಇನ್ಯಾವ ಸಂಪ್ರದಾಯ ಬೇಕು? ವಾಲಗ ಊದ್ರೋ!"

ಧಾರೆಯಾಯಿತು. ಊಟದ ಹೊತ್ತಿಗೆ ಕಲಾ ಹೋಗಿ ಅಜ್ಜಿಯ ಕಾಲು ಹಿಡಿದಳು. "ಆ ಸುಳ್ಳನ್ನ ಮರೆತುಬಿಡಿ ಅಮ್ಮ. ಇನ್ಮೇಲೆ ನೀವೂ ಹಿಂದೆ ಇಳೀಬೇಡಿ."

"ಯಾಕೆ ಬಿಡ್ಲಿ?" ಅಜ್ಜಿ ಹುಬ್ಬು ಗಂಟಿಕ್ಕಿದರು. "ಆವತ್ತಿಂದ ದಿನಾ ನಮ್ಮನೆ ಮೆಟ್ಟಿಲು ಹಿಂದೆನೇ ಇಳೀತಿದೀನಿ. ಎಷ್ಟು ವರ್ಷದ ಮಂಡಿ ನೋವು ಹೇಳಹೆಸರಿಲ್ಲದಂಗೆ ಹೋಗ್ಬಿಟ್ಟದೆ. ಸುಳ್ಳು ನಿಮ್ದಿರ್ಬೋದು ಕಣವ್ವ, ಮಂಡಿ ನಂದಲ್ವಾ?"

ಎರಡು ದಿನದ ಮೇಲೆ ಉಲ್ಲಾಳದಲ್ಲಿ ಬೀಗರೂಟ. ಅಭ್ಯಾಸವಿಲ್ಲದ ಆ ದಡ ದಡ ಇಳಿತಕ್ಕೆ ಕಿಟ್ಟಿಯ ತೊಡೆ ಮತ್ತೆ ಹಿಡಿದುಕೊಂಡಿತ್ತು. ಊಟ ಮುಗಿಸಿ, ಕಂಬಿ ಹಿಡಿದು, ಹಲ್ಲು ಕಚ್ಚಿ, ಅವನು ಮಹಡಿಯಿಂದ ಹಿಂದೆ ಹಿಂದೆ ಇಳಿಯತೊಡಗಿದ. ಮುಂದೆ ಅಜ್ಜಿ ಇಳಿಯುತ್ತಿದ್ದರು, ಹಿಂದೆ ಚನ್ನಕೇಶವರು, ಚಿಕ್ಕಮ್ಮಂದಿರು, ಎಲೆಅಡಿಕೆ ತಟ್ಟೆ ಹಿಡಿದ ಗೌತಮ್, ಎಲ್ಲರೂ ಹಿಂದುಮುಂದಾಗಿಯೇ. ಅಷ್ಟು ಜನರಲ್ಲಿ ನೋವು ತಾಳಲಾರದೆ ಹಾಗೆ ಇಳಿಯುತ್ತಿದ್ದವನು ಕಿಟ್ಟಿ ಒಬ್ಬನೇ. ಮೇಲಿನ ಬಾಗಿಲಲ್ಲಿ ನಿಂತಿದ್ದ ಧನ್ಯಶ್ರೀಯೊಬ್ಬಳನ್ನು ಬಿಟ್ಟು ಅದು ಯಾರಿಗೂ ಗೊತ್ತಾಗಲಿಲ್ಲ.